ತುಳಜಾನ ಎಮ್ಮೆಗೆ ಹೊಸ ಮುಂಗಾಲು

ಟ್ರಕ್ಕಿನ ಮೂತಿಯ ಮೇಲೆ ಮೂರು ಚೀಲ ಭತ್ತ ಹೇರಿತ್ತು. ತುಳಜಾ ಎರಡೂ ಅಂಗೈಗಳನ್ನು ಬಾನೆಟ್ಟಿಗೆ ಊರಿ, ಮೈಭಾರವನ್ನೆಲ್ಲ ಹಾಕಿ ಒತ್ತಿ, ತಟಕ್ಕನೆ ಬಿಟ್ಟಳು. ಮೂತಿ ಮೆತ್ತಗೆ ಕೆಳಗಿಳಿಯಿತು, ಮೆತ್ತಗೆ ಮೇಲೆದ್ದಿತು, ನಿಂತಿತು. ಕುಣಿಯಲಿಲ್ಲ. ಕಿರುಗುಟ್ಟಲಿಲ್ಲ.

“ಕಾಕಾ, ನಿಂತತಿ! ಒಂದ ಸಲಕ್ಕ ನಿಂತತಿ ನೋಡ್ರಿ!”

“ನಿಂದರದ ಏನ ಮಾಡ್ತೈತಿ? ಹನ್ನೊಂದ ದಿನಾ ಅದರ ಹೊಟ್ಟಿ ಕೆಳಗ ಮಲಗೇನಿ,” ಎಂದ ನಾಗಲಿಂಗಪ್ಪ, ಟ್ರಕ್ಕಿನಡಿಯಿಂದಲೇ. ಅವನ ಎರಡು ಪಾದ ಬಿಟ್ಟರೆ ಮತ್ತೇನೂ ಹೊರಗೆ ಕಾಣುತ್ತಿರಲಿಲ್ಲ.

ದಾಂಡೇಲಿಯ ಅಂಬೇವಾಡಿಯಲ್ಲಿ ನಾಗಲಿಂಗಪ್ಪನ ಗ್ಯಾರೇಜು. ಹಳಿಯಾಳದ ಧಾನ್ಯದ ವ್ಯಾಪಾರಿಗಳ ಮನೆತನದಲ್ಲಿ ಹುಟ್ಟಿ, ತಕ್ಕಡಿ ಬಿಟ್ಟು ವೆಲ್ಡಿಂಗ್ ಹಿಡಿದು ನಲವತ್ತು ವರ್ಷವಾಗಿತ್ತು. ಆ ಟ್ರಕ್ಕು ತೇರಗಾಂವದ ತುಳಜಾಳದು. ನಾಲ್ಕೂ ಗಾಲಿ ಎಳೆಯುವ ಹಳೆಯ ಗಾಡಿ. ಬಣ್ಣ ಕಪ್ಪು, ನಡೆ ನಿಧಾನ, ಕೆಸರು ಕಂಡರೆ ಖುಷಿ. ಹಾಗಾಗಿ ಸುತ್ತಲಿನವರೆಲ್ಲ ಅದನ್ನು ‘ತುಳಜಾನ ಎಮ್ಮೆ’ ಎಂದೇ ಕರೆಯುತ್ತಿದ್ದರು. ಜೋಯಿಡಾದ ಕಾಡಿನೊಳಗಿನ ಊರುಗಳಿಗೆ ಸಿಮೆಂಟು, ಅಕ್ಕಿ, ತಗಡು, ಮದುವೆಯ ಪಾತ್ರೆ, ಏನೇ ಹೋಗಬೇಕಿದ್ದರೂ ಎಮ್ಮೆಯೇ ಹೋಗಬೇಕು. ಹತ್ತು ವರ್ಷದಿಂದ ಓಡಿಸುತ್ತಿದ್ದ ತುಳಜಾಗೆ ಆ ದಾರಿಗಳೆಲ್ಲ ಅಂಗೈ ಮೇಲಿನ ಗೆರೆಗಳಷ್ಟೇ ಗೊತ್ತು.

ಎಮ್ಮೆಗೆ ಇದ್ದದ್ದು ಒಂದೇ ದೋಷ. ಮುಂದಿನ ಎಕ್ಸಲ್ಲು, ಅಂದರೆ ಗಾಲಿಗಳ ಅಚ್ಚು, ಎರಡು ಕಟ್ಟು ಉಕ್ಕಿನ ಕಮಾನು ಪಟ್ಟಿಗಳ ಮೇಲೆ ಕೂತಿತ್ತು. ಭಾರ ಹೊರಲು ಕಮಾನು ಪಟ್ಟಿಯಂಥ ಗಟ್ಟಿಗ ಬೇರೆ ಇಲ್ಲ, ಆದರೆ ಅದಕ್ಕೆ ದಯೆ ದಾಕ್ಷಿಣ್ಯ ಗೊತ್ತಿಲ್ಲ. ಗಾಲಿ ಕಲ್ಲು ಹತ್ತಿದರೆ ಆ ಪೆಟ್ಟು ನೇರ ಬೆನ್ನುಮೂಳೆಗೆ ಬರುತ್ತಿತ್ತು.

ಆ ಪೆಟ್ಟೇ ಹೋದ ವರ್ಷ ಅನಾಹುತ ಮಾಡಿತ್ತು. ಜೋಯಿಡಾದಿಂದಾಚೆ, ದೂಧಹಳ್ಳದ ಆ ದಂಡೆಯಲ್ಲಿ ಬೊಂಡೇಮಾಳ ಎಂಬ ಊರಿದೆ. ಮಳೆಗಾಲದ ನಾಲ್ಕು ತಿಂಗಳು ಹಳ್ಳ ತುಂಬಿ ಅಲ್ಲಿಗೆ ಯಾರೂ ಹೋಗಲಾರರು, ಅಲ್ಲಿಂದ ಯಾರೂ ಬರಲಾರರು. ಹಾವುಗಳಿಗೋ, ಅದೇ ಹಬ್ಬದ ಕಾಲ. ಹಾವು ಕಚ್ಚಿದವರಿಗೆ ಕೊಡುವ ಔಷಧಿಯನ್ನು ತಂಪಿನಲ್ಲೇ ಇಡಬೇಕು. ಅದಕ್ಕೆಂದು ಅಲ್ಲಿನ ಸಣ್ಣ ದವಾಖಾನೆಗೆ ಒಂದು ಫ್ರಿಜ್ ಮಂಜೂರಾಗಿ ಬಂದಿತ್ತು. ಒಯ್ದವಳು ತುಳಜಾ. ಇಳಿಸಿ, ಹಳ್ಳ ಏರುವ ಮೊದಲೇ ಗಾಡಿ ತಿರುಗಿಸಿಕೊಂಡು ಬಂದಿದ್ದಳು. ಮರುದಿನ ಚಾಲೂ ಮಾಡಿ ನೋಡಿದರೆ ಫ್ರಿಜ್ ಸತ್ತಿತ್ತು. ದಾರಿಯ ಹೊಡೆತಕ್ಕೆ ಒಳಗಿನ ಕೊಳವೆ ಒಡೆದು ಹೋಗಿತ್ತು. ಅಷ್ಟರಲ್ಲಿ ಹಳ್ಳ ತುಂಬಿತ್ತು. ಆಗಸ್ಟ್ ತಿಂಗಳಲ್ಲಿ ಆ ಊರಿನ ಕಾಶಿರಾಮನ ಹೆಂಡತಿ ಗೀತಾಬಾಯಿಗೆ ಹುಲ್ಲು ಕೊಯ್ಯುವಾಗ ಹಾವು ಕಚ್ಚಿತು. ಕಂಬಳಿಯ ಜೋಲಿಯಲ್ಲಿ ಹೊತ್ತು ತಂದರು. ಹಳ್ಳದ ದಂಡೆಯವರೆಗೆ ಮಾತ್ರ ತರಲಾಯಿತು.

ಈಗ ಎರಡನೆಯ ಫ್ರಿಜ್ ಬಂದಿತ್ತು. ಮೂರನೆಯದು ಬರುವುದಿಲ್ಲ ಎಂದು ಮೇಲಿನವರು ಖಡಾಖಂಡಿತ ಹೇಳಿದ್ದರು.

“ನಾನೇ ಒಯ್ತೇನಿ,” ಎಂದಿದ್ದಳು ತುಳಜಾ. “ಆದ್ರ ಈ ಪಟ್ಟಿ ಮ್ಯಾಲೆ ಒಯ್ಯಂಗಿಲ್ಲ.”

ಮುಂಡಗೋಡದ ಕಡೆಯ ಸನವಳ್ಳಿಯಲ್ಲಿ ಲೋಕೇಶ ಎಂಬ ಗೆಳೆಯನೊಬ್ಬ ಜೀಪಿನ ರೇಸಿನ ಹುಚ್ಚಿಗೆ ಒಂದು ಜೋಡಿ ಕಾಯಿಲ್-ಓವರ್ ತರಿಸಿ, ಜೀಪೇ ಮಾರಿಹೋದ ಮೇಲೆ ಅಟ್ಟದಲ್ಲಿಟ್ಟಿದ್ದ. ಕಾಯಿಲ್-ಓವರ್ ಎಂದರೆ ದಪ್ಪ ಸ್ಪ್ರಿಂಗಿನ ಸುರುಳಿಯ ಹೊಟ್ಟೆಯೊಳಗೇ ಶಾಕ್ ಅಬ್ಸಾರ್ಬರ್ ಕೂತಿರುವ ಸಾಧನ. ಸುರುಳಿ ಪೆಟ್ಟು ನುಂಗುತ್ತದೆ, ಒಳಗಿನ ಎಣ್ಣೆ ಕುಣಿತ ನಿಲ್ಲಿಸುತ್ತದೆ. ತುಳಜಾ ಹೋಗಿ ಅದನ್ನು ಹೊತ್ತು ತಂದಳು.

ತಂದದ್ದು ಸುಲಭ, ಕೂರಿಸುವುದು ಹೈರಾಣ. ಕಮಾನು ಪಟ್ಟಿ ಭಾರ ಹೊರುವುದಷ್ಟೇ ಅಲ್ಲ, ಎಕ್ಸಲ್ಲನ್ನು ಅದರ ಜಾಗದಲ್ಲಿ ಹಿಡಿದಿಡುವುದೂ ಅದೇ. ಅದನ್ನು ಬಿಚ್ಚಿದರೆ ಎಕ್ಸಲ್ಲಿಗೆ ಹೇಳುವವರು ಕೇಳುವವರು ಯಾರೂ ಇಲ್ಲ. ನಾಗಲಿಂಗಪ್ಪ ಉದ್ದಕ್ಕೆ ಎರಡು ತೋಳು ಮಾಡಿದ, ಎಕ್ಸಲ್ಲು ಹಿಂದೆ ಮುಂದೆ ಹೋಗದಂತೆ. ಅಡ್ಡಕ್ಕೆ ಒಂದು ರಾಡು ಹಾಕಿದ, ಎಡಕ್ಕೆ ಬಲಕ್ಕೆ ಸರಿಯದಂತೆ. ಗಾಡಿಯ ಅಡಿ ಚೌಕಟ್ಟಾದ ಚಾಸಿಯ ಮೇಲೆ ಎರಡು ಗೋಪುರ ಬೆಸೆದು ಕಾಯಿಲ್-ಓವರಿನ ತಲೆಗಳನ್ನು ಅಲ್ಲಿಗೆ ಬಿಗಿದ. ಮೊದಲ ಸಲ ಹಳಿಯಾಳದ ರಸ್ತೆಗೆ ಒಯ್ದಾಗ ಪ್ರತಿ ತಗ್ಗಿಗೂ ಸ್ಟೇರಿಂಗು ತಾನಾಗಿಯೇ ತಿರುಗಿ, ಎಮ್ಮೆ ಯಾರದೋ ಖಾಲಿ ಹೊಲಕ್ಕೆ ನುಗ್ಗಿ ನಿಂತಿತ್ತು. ನಾಗಲಿಂಗಪ್ಪ ಕೆಳಗಿಳಿದು ಬಗ್ಗಿ ನೋಡಿ ಹಣೆ ಚಚ್ಚಿಕೊಂಡಿದ್ದ. ಸ್ಟೇರಿಂಗಿನ ರಾಡು ಒಂದು ಓರೆಯಲ್ಲಿ, ಅಡ್ಡ ರಾಡು ಇನ್ನೊಂದು ಓರೆಯಲ್ಲಿ! “ಎರಡೂ ಜೋಡೆತ್ತಿನಂಗ ಸಮಾ ಹೋಗಬೇಕವ್ವಾ,” ಎಂದವನೇ ಅಡ್ಡ ರಾಡಿನ ಬ್ರಾಕೆಟ್ಟು ಕತ್ತರಿಸಿ, ನಾಲ್ಕು ಬೆರಳು ಕೆಳಗೆ ಮತ್ತೆ ಬೆಸೆದಿದ್ದ.

ಇವತ್ತು ಜೂನ್ ಐದು, ಇನ್ನೂ ನಸುಕು. ಉಳಿದಿದ್ದದ್ದು ಎತ್ತರ ಹೊಂದಿಸುವುದೊಂದೇ. ಮುಂದಿನ ಕಬ್ಬಿಣದ ಗಾರ್ಡು, ಹಗ್ಗ ಎಳೆಯುವ ವಿಂಚು ಬಿಚ್ಚಿಟ್ಟಿದ್ದರಿಂದ ಅವುಗಳ ಭಾರ, ಮುಂದೆ ಕೂರುವ ಮೂವರ ಭಾರ, ಎಲ್ಲ ಸೇರಿ ಮೂರು ಕ್ವಿಂಟಲ್ ಎಂದು ಲೆಕ್ಕ ಹಾಕಿ ಮೂರು ಚೀಲ ಹೇರಿದ್ದರು. ಅದಕ್ಕೆ ತಕ್ಕಂತೆ ಸುರುಳಿಯ ಕೆಳಗಿನ ಬಳೆಯನ್ನು ತಿರುಗಿಸಿ ಎತ್ತರ ನಿಲ್ಲಿಸಿದರು. ಚೀಲ ಇಳಿಯಿತು, ಗಾರ್ಡು ವಿಂಚು ಏರಿತು. ಅಷ್ಟರಲ್ಲಿ ಫ್ರಿಜ್ ಬಂದೇಬಿಟ್ಟಿತು.

ಅದರ ಜೊತೆ ಬೊಂಡೇಮಾಳದ ನರ್ಸ್ ರೀನಾ ಬಂದಳು, ತೊಡೆಯ ಮೇಲೆ ಔಷಧಿಯ ತಂಪು ಡಬ್ಬಿ ಇಟ್ಟುಕೊಂಡು. ಫ್ರಿಜ್ಜಿಗೆ ಕಾವಲಾಗಿ ಕಾಶಿರಾಮನೂ ಬಂದಿದ್ದ. ಐವತ್ತು ದಾಟಿದ, ಒಣಗಿದ ಮೈಯ ಮನುಷ್ಯ. ಅವನನ್ನು ಕಂಡದ್ದೇ ತುಳಜಾ ತಲೆ ತಗ್ಗಿಸಿ ಎಮ್ಮೆಯ ಹಿಂಬಾಗಿಲು ತೆರೆಯಲು ಹೋದಳು. ಹತ್ತು ತಿಂಗಳಲ್ಲಿ ಆತ ಅವಳಿಗೆ ಒಂದೇ ಒಂದು ಮಾತು ಅಂದಿರಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

“ಅಕ್ಕಾ, ಇಲ್ಲಿ ನೋಡಿ,” ಎಂದು ರೀನಾ ಫ್ರಿಜ್ಜಿನ ಪೆಟ್ಟಿಗೆಯ ಬದಿ ತೋರಿಸಿದಳು. ಅಲ್ಲೊಂದು ಚೀಟಿ ಅಂಟಿತ್ತು. ಚೀಟಿಯ ನಡುವೆ ಬೆರಳಿನ ಉಗುರಿನಷ್ಟು ಗಾಜಿನ ನಳಿಕೆ. “ಜೋರು ಪೆಟ್ಟು ಬಿದ್ರೆ ಇದು ಕೆಂಪಾಗ್ತದೆ. ಬಿಳಿ ಇದ್ರೆ ಒಳಗೆ ಎಲ್ಲ ಸುರಕ್ಷಿತ.”

“ಹೋದ ವರ್ಷ?”

“ಕೆಂಪಾಗಿತ್ತು. ನಮಗೆ ಅದರ ಅರ್ಥ ಗೊತ್ತಿರ್ಲಿಲ್ಲ.”

ಪೆಟ್ಟಿಗೆಯನ್ನು ಎಮ್ಮೆಗೆ ಏರಿಸಿದ ಮೇಲೆ ಕಾಶಿರಾಮ ಹಿಂದೆ ಹತ್ತಿ, ಅದರ ಪಕ್ಕ ನಳಿಕೆ ಕಾಣುವಂತೆ ಕುಕ್ಕರಿಸಿದ.

ಹೊರಟರು!

ಜೋಯಿಡಾದವರೆಗೆ ಡಾಂಬರು. ಎಮ್ಮೆ ಎಂದೂ ಹೀಗೆ ಓಡಿರಲಿಲ್ಲ. ಮುರಿದ ರಸ್ತೆ, ಎದ್ದ ಜಲ್ಲಿ, ಉಬ್ಬು, ಎಲ್ಲವನ್ನೂ ಹೊಸ ಮುಂಗಾಲು ನುಂಗಿಕೊಂಡು ಸಾಗುತ್ತಿತ್ತು. ತುಳಜಾ ಬೇಕೆಂದೇ ಒಂದು ತಗ್ಗಿಗೆ ಇಳಿಸಿ ನೋಡಿದಳು. ರೀನಾಳ ತೊಡೆಯ ಮೇಲಿನ ಡಬ್ಬಿಯೂ ಅಲುಗಲಿಲ್ಲ. ತುಳಜಾ ಜೋರಾಗಿ ಸಿಳ್ಳೆ ಹಾಕಿದಳು. ನಾಗಲಿಂಗಪ್ಪ ಮೀಸೆಯಡಿ ನಗುತ್ತ, ಕಿಟಕಿಯಾಚೆ ನೋಡುವವನಂತೆ ನಟಿಸಿದ.

ಅರಣ್ಯದ ಗೇಟಿನಲ್ಲಿ ಹೆಸರು ಬರೆಸಿ ಒಳಗೆ ಹೊಕ್ಕ ಮೇಲೆ ಡಾಂಬರು ಮುಗಿಯಿತು. ಮುಂದೆ ಹದಿನಾಲ್ಕು ಕಿಲೋಮೀಟರು ಮಣ್ಣು, ಕಲ್ಲು, ಬೇರು. ಎರಡೂ ಕಡೆ ತೇಗ, ಮತ್ತಿ, ಬಿದಿರ ಮೆಳೆ. ಮೊದಲ ಎರಡು ಮಳೆ ಬಿದ್ದು ಕಾಡಿನ ಧೂಳು ತೊಳೆದಿತ್ತು. ತೇಗದ ಹೊಸ ಎಲೆ ಅಂಗೈಯಗಲ ಬಿಚ್ಚಿ, ಅವುಗಳ ಮೂಲಕ ಬರುವ ಬೆಳಕೂ ಹಸಿರಾಗಿತ್ತು. ಎಲ್ಲೋ ಮೇಲೆ ಮಂಗಟ್ಟೆಯೊಂದು ರೆಕ್ಕೆ ಬಡಿದು ಹೋದ ಸದ್ದು ಇಂಜಿನ್ನಿನ ಗದ್ದಲದಲ್ಲೂ ಕೇಳಿಸಿತು. ತಿರುವಿನಲ್ಲೊಂದು ಕಾಡುಕೋಣ ನಿಂತು ಕಪ್ಪು ಟ್ರಕ್ಕನ್ನು ಮೇಲಿನಿಂದ ಕೆಳಗೆ ನೋಡಿತು, ತನ್ನ ಜಾತಿಯದಲ್ಲ ಎಂದು ಖಾತ್ರಿಯಾದ ಮೇಲೆ ಪೊದೆಯೊಳಗೆ ಹೋಯಿತು. ತುಳಜಾಗೆ ಈ ದಾರಿ ಎಂದರೆ ಪ್ರಾಣ. ಹತ್ತು ತಿಂಗಳಿಂದ ಇದೇ ದಾರಿ ಅವಳಿಗೆ ಬೇಡವಾಗಿತ್ತು.

ಇಳಿಜಾರು ಶುರುವಾಯಿತು.

ಢಬ್!

ಮುಂದಿನಿಂದ ಸದ್ದು ಬಂತು. ಇನ್ನೊಂದು ಕಲ್ಲು, ಮತ್ತೆ ಢಬ್! ಸುರುಳಿ ಪೂರ್ತಿ ಮುದುಡಿ, ಎಕ್ಸಲ್ಲು ಮೇಲಿನ ರಬ್ಬರಿಗೆ ಬಡಿಯುತ್ತಿತ್ತು. ತುಳಜಾ ಬ್ರೇಕು ಒತ್ತಿ ಕೂಗಿದಳು, “ಅಣ್ಣಾ, ಬಣ್ಣಾ ನೋಡ್ರಿ!”

ಕಾಶಿರಾಮ ಹಿಂದೆ ನಳಿಕೆಯತ್ತ ಬಗ್ಗಿದ. ಆಮೇಲೆ, “ಬಿಳೀ ಐತಿ.”

ಎಲ್ಲರೂ ಇಳಿದರು. ನಾಗಲಿಂಗಪ್ಪ ಗಾಲಿಯ ಮೇಲಿನ ಸಂದಿಯಲ್ಲಿ ಬೆರಳಿಟ್ಟು ಅಳೆದ. ಗ್ಯಾರೇಜಿನಲ್ಲಿ ಆರು ಬೆರಳು ಹಿಡಿಸುತ್ತಿದ್ದ ಜಾಗದಲ್ಲಿ ಈಗ ನಾಲ್ಕೇ.

“ಕುಸದೈತಿ. ಯಾಕ ಕುಸೀತಿದು? ಮೂರ ಕ್ವಿಂಟಲ್ ಹೇರಿ ನಿಂದರಿಸಿದ್ದೆ ನಾ!”

“ಮೂರ ಚೀಲ ಹೇರಿದ್ರಿ, ಕಾಕಾ.”

“ಅದನ್ನ ಹೇಳಾಕತ್ತೇನಿ. ಮೂರ ಚೀಲ, ಮೂರ ಕ್ವಿಂಟಲ್. ನಮ್ಮಪ್ಪನ ಅಂಗಡ್ಯಾಗ ಚೀಲ ಅಂದ್ರ ಕ್ವಿಂಟಲ್ ಅಂತನ ಮಾತು.”

ತುಳಜಾ ಅವನ ಮುಖವನ್ನೇ ನೋಡಿದಳು. “ಅವು ನಮ್ಮ ಮನೀ ಭತ್ತದ ಚೀಲ. ನಮ್ಮ ತೇರಗಾಂವದಾಗ ಭತ್ತದ ಚೀಲ ಅರವತ್ತ ಕಿಲೋದ ಮ್ಯಾಲ ತುಂಬಂಗಿಲ್ಲ. ಹೆಣಮಕ್ಕಳು ಎತ್ತಬೇಕಲ್ಲಾ?”

“ಮತ್ತ ನೀ ಆಗ ಯಾಕ ಹೇಳಲಿಲ್ಲ?”

“ನೀವ ಲೆಕ್ಕಾ ಮಾಡೀರಿ ಅಂತ ಸುಮ್ನಿದ್ದೆ!”

ವ್ಯಾಪಾರಿಯ ಮಗ ತನ್ನ ಚೀಲ ಎಣಿಸಿದ್ದ, ರೈತನ ಮಗಳು ತನ್ನ ಚೀಲ ಕೊಟ್ಟಿದ್ದಳು. ಇಬ್ಬರ ನಡುವೆ ಒಂದು ಕ್ವಿಂಟಲ್ಲಿಗಿಂತ ಹೆಚ್ಚು ಭಾರ ಮಂಗಮಾಯವಾಗಿತ್ತು! ರೀನಾಗೆ ನಗು ತಡೆಯಲಾಗಲಿಲ್ಲ. ನಾಗಲಿಂಗಪ್ಪ ಮೊದಲು ಮುಖ ಊದಿಸಿದ, ಆಮೇಲೆ ತಾನೂ ನಕ್ಕ, ಆಮೇಲೆ ಬೋಲ್ಟು ತಿರುಗಿಸುವ ಪಾನಾ ಹಿಡಿದು ಕೆಳಗೆ ನುಗ್ಗಿದ.

ಕೆಲಸವೇನೋ ಕಷ್ಟದ್ದಲ್ಲ. ಜಾಕು ಕೊಟ್ಟು ಮೂತಿ ಎತ್ತುವುದು, ಗಾಲಿ ಜೋತು ಬಿದ್ದಾಗ ಸುರುಳಿಯ ಕೆಳಗಿನ ಬಳೆಯನ್ನು ಮೇಲಕ್ಕೆ ತಿರುಗಿಸುವುದು. ಆದರೆ ಇಳಿಜಾರಿನಲ್ಲಿ, ಒದ್ದೆ ಮಣ್ಣಿನಲ್ಲಿ ಜಾಕು ನಿಲ್ಲಬೇಕಲ್ಲ! ಕಾಶಿರಾಮ ಎಲ್ಲಿಂದಲೋ ಚಪ್ಪಟೆ ಕಲ್ಲು ಹೊತ್ತು ತಂದು ಜಾಕಿನಡಿ ಇಟ್ಟ. ರೀನಾ ಹಿಂದಿನ ಗಾಲಿಗೆ ಕಲ್ಲು ಕೊಟ್ಟು ಕಾವಲು ನಿಂತಳು. ಬಳೆಯ ಸಂದಿಯಲ್ಲಿ ಕೆಸರು ತುಂಬಿ ಪಾನಾ ಜಾರುತ್ತಿತ್ತು. ತುಳಜಾ ತಲೆಯ ಬಟ್ಟೆ ಬಿಚ್ಚಿ ತಿರುಪಿನ ಗೆರೆಗಳನ್ನು ಒರೆಸುತ್ತ ಹೋದಳು, ನಾಗಲಿಂಗಪ್ಪ ತಿರುಗಿಸುತ್ತ ಹೋದ. ಒಂದೊಂದು ಕಡೆಗೆ ಹದಿನಾರು ಸುತ್ತು. ಕೆಳಗಿಳಿಸಿ ನೋಡಿದರೆ ಆರು ಬೆರಳು, ಸರಿಯಾಗಿ!

ಅಲ್ಲಿಂದ ಮುಂದೆ ಢಬ್ ಎನ್ನಲಿಲ್ಲ. ಪ್ರತಿ ದೊಡ್ಡ ತಗ್ಗಿನ ಆಚೆಗೆ ಹಿಂದಿನಿಂದ ಒಂದೇ ದನಿಯ ಮಾತು ಬರುತ್ತಿತ್ತು. “ಬಿಳೀ ಐತಿ.” ಮತ್ತೆ, “ಬಿಳೀ ಐತಿ.” ತುಳಜಾಗೆ ಅದು ಕೇಳಿದಾಗಲೆಲ್ಲ ಉಸಿರು ಸರಾಗವಾಗುತ್ತಿತ್ತು.

ಹನ್ನೊಂದಕ್ಕೆ ದೂಧಹಳ್ಳ ಸಿಕ್ಕಿತು. ನೀರು ಮೊಣಕಾಲಿನಷ್ಟು, ತಿಳಿ. ಆದರೆ ತಳದಲ್ಲಿ ಕುಂಬಳಕಾಯಿ ಗಾತ್ರದ ನುಣುಪು ಬಂಡೆಗಳು. ತುಳಜಾ ನಾಲ್ಕೂ ಗಾಲಿಗೆ ಎಳೆತ ಕೊಟ್ಟು ಮೆಲ್ಲಗೆ ಇಳಿಸಿದಳು. ನಡು ಹಳ್ಳ. ಬಲಗಾಲಿ ಒಂದು ಬಂಡೆ ಹತ್ತಿತು, ನಿಂತಿತು, ಜಾರಿತು.

ಟಣ್!

ಸ್ಟೇರಿಂಗು ತಿರುಗಿಸಿದರೆ ಗಾಲಿ ತಿರುಗುತ್ತಿಲ್ಲ, ಗಾಡಿಯ ಮೈ ಪಕ್ಕಕ್ಕೆ ಸರಿಯುತ್ತಿದೆ! ಎಕ್ಸಲ್ಲು ಎಡಕ್ಕೆ ಜಾರಿ ಟಯರು ತೋಳಿಗೆ ಉಜ್ಜುತ್ತಿತ್ತು.

“ಅಣ್ಣಾ! ಬಣ್ಣಾ!”

ಹಿಂದೆ ಪೆಟ್ಟಿಗೆ ಕಬ್ಬಿಣಕ್ಕೆ ಉಜ್ಜಿದ ಸದ್ದಷ್ಟೇ ಬಂತು.

“ಕಾಶಿರಾಮಣ್ಣಾ! ಮಾತಾಡ್ರಿ!”

“ಬಿಳೀ ಐತಿ,” ಎಂಬ ದನಿ ಬಂತು, ಈ ಸಲ ಏದುಸಿರಿನ ನಡುವೆ. ತುಳಜಾ ಹಿಂದಿನ ಕಿಟಕಿಯಿಂದ ತಿರುಗಿ ನೋಡಿದಳು. ಕಾಶಿರಾಮ ಪೆಟ್ಟಿಗೆಗೂ ಟ್ರಕ್ಕಿನ ಕಬ್ಬಿಣದ ಗೋಡೆಗೂ ನಡುವೆ ತನ್ನ ಭುಜ ಕೊಟ್ಟಿದ್ದ. ಅಂಗಿ ಹರಿದು ರಕ್ತ ಬರುತ್ತಿತ್ತು. ಅವನು ಅದನ್ನು ನೋಡುತ್ತಿರಲಿಲ್ಲ, ನಳಿಕೆಯನ್ನೇ ನೋಡುತ್ತಿದ್ದ.

ವಿಂಚಿನ ಹಗ್ಗವನ್ನು ಆಚೆ ದಂಡೆಯ ಮತ್ತಿಮರಕ್ಕೆ ಸುತ್ತಿ, ಎಮ್ಮೆಯನ್ನು ಅಂಗುಲ ಅಂಗುಲ ಎಳೆದು ದಡ ಹತ್ತಿಸಿದರು. ನಾಗಲಿಂಗಪ್ಪ ಕೆಳಗೆ ಹೋಗಿ ಅಲ್ಲಿಂದಲೇ ಅಬ್ಬರಿಸಿದ.

“ನನ್ನ ವೆಲ್ಡಿಂಗ್ ಬಿಟ್ಟಿಲ್ಲ! ನೋಡ ಬಾ ಬೇಕಂದ್ರ! ಬ್ರಾಕೆಟ್ಟಿನ ತಗಡ ಹರದೈತಿ!”

“ಯಾವುದರ ಹರೀಲಿ ಕಾಕಾ, ಈಗ ಅಡ್ಡ ರಾಡ ಹಿಡಿಯಾವ್ರ ಯಾರೂ ಇಲ್ಲ. ಮುಂದ ಹೆಂಗ?”

ಇಲ್ಲಿ ವೆಲ್ಡಿಂಗ್ ಇಲ್ಲ, ಕರೆಂಟಿಲ್ಲ. ಊರಿಗೆ ಇನ್ನೂ ಮೂರು ಕಿಲೋಮೀಟರು. ಹೊತ್ತು ಒಯ್ಯೋಣವೆಂದರೆ ಫ್ರಿಜ್ಜಿನ ಭಾರ ಒಂದು ಕ್ವಿಂಟಲ್ಲು, ಹಾದಿ ಏರು. ಕಾಶಿರಾಮ ನೀರಲ್ಲಿ ಭುಜ ತೊಳೆದುಕೊಂಡು ಬಂದು ಬಗ್ಗಿ ನೋಡಿದ. ಆ ದಿನ ಮೊದಲ ಬಾರಿಗೆ ಅವನು ಎರಡು ಶಬ್ದಕ್ಕಿಂತ ಹೆಚ್ಚು ಮಾತಾಡಿದ.

“ಕಸುವಿನ ಹೋರಿ ಒಯ್ಯೂವಾಗ ಒಂದ ಹಗ್ಗ ಹಿಡದ್ರ ಆಗಂಗಿಲ್ಲ. ಆ ಕಡಿಗೊಂದು ಈ ಕಡಿಗೊಂದು ಹಗ್ಗಾ ಹಾಕಿ ಇಬ್ಬರು ಜಗ್ಗಿ ಹಿಡೀತೇವಿ. ನಡುವ ಹೋಗ್ತೈತಿ ಅದು.”

ನಾಗಲಿಂಗಪ್ಪ ತಲೆ ಎತ್ತಿದ. ತುಳಜಾ ಆಗಲೇ ಟ್ರಕ್ಕಿನ ಹಿಂದೆ ಓಡಿದ್ದಳು. ಸಾಮಾನು ಬಿಗಿಯುವ ಎರಡು ಸರಪಳಿ, ಅವುಗಳನ್ನು ಎಳೆದು ಬಿಗಿಮಾಡುವ ಎರಡು ಹಿಡಿಕೆ! ಒಂದನ್ನು ಎಕ್ಸಲ್ಲಿನ ಬಲತುದಿಯಿಂದ ಚಾಸಿಯ ಎಡಕ್ಕೆ, ಇನ್ನೊಂದನ್ನು ಎಡತುದಿಯಿಂದ ಚಾಸಿಯ ಬಲಕ್ಕೆ ಹಾಕಿದರು. ಎರಡೂ ಹಿಡಿಕೆಗಳನ್ನು ಒಟ್ಟಿಗೆ ಎಳೆದರು. ಕಿರ್ರ್ ಎಂದು ಎಕ್ಸಲ್ಲು ಸರಿದು ಸರಿಯಾಗಿ ನಡುವೆ ಬಂದು ಕೂತಿತು. ಇನ್ನು ನಡಿಗೆಯ ವೇಗಕ್ಕಿಂತ ಜೋರಾಗಿ ಹೋಗುವಂತಿಲ್ಲ. ಇನ್ನೂರು ಹೆಜ್ಜೆಗೊಮ್ಮೆ ಸಡಿಲಾದ ಸರಪಳಿ ಬಿಗಿಯಬೇಕು. ಪರವಾಗಿಲ್ಲ, ಎಮ್ಮೆ ನಡೆಯಿತು.

ಒಂದೂವರೆಗೆ ಬೊಂಡೇಮಾಳ ಮುಟ್ಟಿದರು. ಊರಿನ ಗಂಡಸರೆಲ್ಲ ಸೇರಿ ಹಲಗೆಯ ಮೇಲೆ ಫ್ರಿಜ್ಜನ್ನು ಜಾರಿಸಿ ದವಾಖಾನೆಯೊಳಗೆ ನಿಲ್ಲಿಸಿದರು. ನಳಿಕೆ ಹಾಲಿನಷ್ಟು ಬೆಳ್ಳಗಿತ್ತು. ಯಾರೋ ಸಿಳ್ಳೆ ಹೊಡೆದರು, ಹೆಂಗಸರು ಬಿಸಿಬಿಸಿ ಗೆಣಸು, ಚಹಾ ತಂದರು.

“ಈಗ ನಾಲ್ಕು ತಾಸು ಸುಮ್ನೆ ಬಿಡ್ಬೇಕು,” ಎಂದಳು ರೀನಾ. “ಒಳಗಿನ ಎಣ್ಣೆ ಇಳೀಬೇಕಲ್ಲ. ಆಮೇಲೆ ಚಾಲೂ.”

ಕಾಶಿರಾಮ ಹೊರಗೆ ನಿಂತು ಪಶ್ಚಿಮದ ಗುಡ್ಡ ನೋಡುತ್ತಿದ್ದ. ಗುಡ್ಡದ ಅರ್ಧ ಮೋಡದೊಳಗಿತ್ತು. “ಮ್ಯಾಲ ಮಳಿ ಹತ್ತೈತಿ. ಸಂಜೀಕ ಹಳ್ಳ ಏರ್ತೈತಿ. ಹೋಗಾವ್ರ ಈಗ ಹೋಗಬೇಕು.”

ನಾಗಲಿಂಗಪ್ಪ ತುಳಜಾಳನ್ನು ನೋಡಿದ. ಸರಪಳಿಯ ಮೇಲೆ ನಿಂತ ಎಕ್ಸಲ್ಲು. ಏರಿದ ಹಳ್ಳ ದಾಟದಿದ್ದರೆ ಎಮ್ಮೆ ಅಕ್ಟೋಬರಿನವರೆಗೆ ಇಲ್ಲೇ. ಹಾಗಾದರೆ ಈ ಮಳೆಗಾಲ ಬೇರೆ ಊರುಗಳಿಗೆ ಅಕ್ಕಿ ಒಯ್ಯುವವರಿಲ್ಲ.

“ನೀವು ಹೋಗಿ ಅಕ್ಕಾ,” ಎಂದಳು ರೀನಾ. “ನಳಿಕೆ ಬಿಳಿ ಉಂಟಲ್ಲ.”

ತುಳಜಾ ದವಾಖಾನೆಯ ಹೊಸ್ತಿಲ ಮೇಲೆ ಕೂತುಬಿಟ್ಟಳು.

“ಹೋದ ಸಲಾನೂ ಹಿಂಗ ಹೋದೆ. ಚಾಲೂ ಆದದ್ದ ನೋಡೇ ಹೋಗಾಕಿ ನಾ. ಕೆಟ್ಟಿದ್ರ ವಾಪಸ್ ಹೇರ್ಕೊಂಡ ಹೋಗಿ ರಿಪೇರಿ ಮಾಡಿಸ್ಕೊಂಡ ಬರ್ತೇನಿ.”

ಆ ನಾಲ್ಕು ತಾಸು ತೆವಳಿಕೊಂಡು ಹೋಯಿತು. ನಾಗಲಿಂಗಪ್ಪ ಸರಪಳಿಯ ಪ್ರತಿ ಕೊಂಡಿಯನ್ನೂ ತಟ್ಟಿ ನೋಡಿದ. ತುಳಜಾ ಮೋಡ ನೋಡಿದಳು, ಗಡಿಯಾರ ನೋಡಿದಳು, ಮತ್ತೆ ಮೋಡ ನೋಡಿದಳು. ಐದೂವರೆಗೆ ರೀನಾ ಗುಂಡಿ ಒತ್ತಿದಳು.

ಏನೂ ಇಲ್ಲ.

ರೀನಾ ತಂತಿ ಹಿಡಿದು ನೋಡಿ, ನಾಲಗೆ ಕಚ್ಚಿಕೊಂಡು, ಗೋಡೆಯ ಸ್ವಿಚ್ಚು ಹಾಕಿದಳು. ಗುಂಯ್ ಎಂದು ಫ್ರಿಜ್ ಮೈ ನಡುಗಿಸಿತು. ಆಮೇಲೆ ಒಂದೇ ಸಮನೆ, ಸಣ್ಣಗೆ, ಹಾಡತೊಡಗಿತು. ಹತ್ತು ನಿಮಿಷಕ್ಕೆ ಒಳಗಿನ ಗೋಡೆಯ ಮೇಲೆ ಬೆಳ್ಳಗೆ ಹಿಮದ ಗೆರೆ ಮೂಡಿತು. ತುಳಜಾ ಅದನ್ನು ಬೆರಳಿಂದ ಮುಟ್ಟಿ, ಬೆರಳನ್ನು ಕೆನ್ನೆಗೆ ಒತ್ತಿಕೊಂಡಳು. ಸಂತೋಷಕ್ಕೆ ಅವಳಿಗೆ ಕುಣಿಯಬೇಕೆನಿಸಿತು, ಆದರೆ ಹೊತ್ತಿರಲಿಲ್ಲ.

“ಹೋಗೂಣು ಕಾಕಾ!”

“ನಾನೂ ಬರ್ತೇನಿ,” ಎಂದ ಕಾಶಿರಾಮ. “ಹಗ್ಗಾ ದಾಟಿಸಾವ್ರ ಬೇಕಲ್ಲಾ. ಜೋಯಿಡಾದಾಗ ಅಕ್ಕನ ಮನಿ ಐತಿ, ನೀರ ಇಳಿದ ಮ್ಯಾಲ ಬರ್ತೇನಿ.”

ಹಳ್ಳದ ಬಣ್ಣ ಬದಲಾಗಿತ್ತು. ಬೆಳಿಗ್ಗೆಯ ತಿಳಿನೀರು ಈಗ ಕೆಂಪು, ತೊಡೆ ಮುಚ್ಚುವಷ್ಟು, ಕಸಕಡ್ಡಿ ಹೊತ್ತು ಓಡುತ್ತಿತ್ತು. ಆಕಾಶದಲ್ಲಿ ಇನ್ನೂ ಅರ್ಧ ತಾಸಿನ ಬೆಳಕಿತ್ತು.

ಕಾಶಿರಾಮ ವಿಂಚಿನ ಹಗ್ಗದ ಕೊಕ್ಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೀರಿಗಿಳಿದ. ನೇರ ಹೋಗಲಿಲ್ಲ, ಮೇಲಕ್ಕೆ ನಡೆದು, ನೀರಿನ ಸೆಳೆತಕ್ಕೆ ಮೈಕೊಟ್ಟು, ಓರೆಯಾಗಿ ಆಚೆ ದಂಡೆ ಹಿಡಿದ. ಮರಕ್ಕೆ ಹಗ್ಗ ಸುತ್ತಿ ಕೈ ಎತ್ತಿದ.

ತುಳಜಾ ಗಾಡಿ ಇಳಿಸಿದಳು. ನೀರು ಬಾಗಿಲಿಗೆ ಬಡಿಯಿತು.

“ನಿಧಾನ,” ಎಂದ ನಾಗಲಿಂಗಪ್ಪ.

ವಿಂಚು ಎಳೆಯಿತು. ಗಾಲಿ ಉರುಳಿತು. ನಡು ಹಳ್ಳದಲ್ಲಿ ನೀರು ಮೂತಿಯನ್ನು ಪಕ್ಕಕ್ಕೆ ನೂಕಿತು. ಒಂದು ಸರಪಳಿ ಕಿರುಚಿತು.

“ನಿಲ್ಲಬ್ಯಾಡ! ನಿಲ್ಲಬ್ಯಾಡವ್ವಾ!”

ನಿಲ್ಲಲಿಲ್ಲ. ಎಡಗಾಲಿ ಬಂಡೆಯೇರಿತು. ಹಳೆಯ ಪಟ್ಟಿಯಾಗಿದ್ದರೆ ಇನ್ನೊಂದು ಗಾಲಿ ಗಾಳಿಯಲ್ಲಿ ನೇತಾಡುತ್ತಿತ್ತು. ಈಗ ಬಲಗಡೆಯ ಸುರುಳಿ ಉದ್ದಕ್ಕೆ ಬಿಚ್ಚಿಕೊಂಡು ಗಾಲಿಯನ್ನು ತಳಕ್ಕೆ ಒತ್ತಿ ಹಿಡಿಯಿತು. ನಾಲ್ಕೂ ಗಾಲಿ ನೆಲ ಕಚ್ಚಿದವು. ಎಮ್ಮೆ ಒಮ್ಮೆ ಗುಟುರು ಹಾಕಿ, ನೀರು ಸುರಿಸುತ್ತ ದಡ ಹತ್ತಿತು!

ನಾಗಲಿಂಗಪ್ಪ ಡ್ಯಾಶ್‌ಬೋರ್ಡಿಗೆ ಮುತ್ತಿಟ್ಟ. ಅರವತ್ತು ದಾಟಿದ ಮನುಷ್ಯ!

ತುಳಜಾ ಇಳಿದಳು. ಕಾಶಿರಾಮ ಮರದಿಂದ ಹಗ್ಗ ಬಿಚ್ಚದೆ ಹಳ್ಳದಾಚೆ ನೋಡುತ್ತ ನಿಂತಿದ್ದ.

“ಆ ದಂಡಿಗೆ, ಆ ಕಲ್ಲಿನ ಹತ್ರ ಇಳಿಸಿದ್ವಿ ಆಕೀನ್ನ,” ಎಂದ.

ತುಳಜಾಗೆ ಹತ್ತು ತಿಂಗಳಿಂದ ಗಂಟಲಲ್ಲಿದ್ದ ಮಾತು ತಾನಾಗಿಯೇ ಹೊರಬಂತು. “ತಪ್ಪ ನಂದು, ಅಣ್ಣಾ. ಚಾಲೂ ಮಾಡಿಸಿ ನೋಡಿ ಹೋಗಬೇಕಾಗಿತ್ತು.”

“ಹೌದು,” ಎಂದ ಕಾಶಿರಾಮ. “ನೋಡಿ ಹೋಗಬೇಕಾಗಿತ್ತು.” ಹಗ್ಗದ ಗಂಟು ಬಿಚ್ಚಿ ಅವಳ ಕೈಗೆ ಕೊಟ್ಟ.

“ಈ ಸಲ ನೋಡಿದಿ, ತಂಗಿ.”

ಸರಪಳಿ ಬಿಗಿಯುತ್ತ, ನಿಲ್ಲುತ್ತ, ನಡೆಯುತ್ತ ಅರಣ್ಯದ ಗೇಟು ತಲುಪುವಾಗ ಮಳೆ ಹನಿಯತೊಡಗಿತ್ತು. ಕಾಶಿರಾಮ ಜೋಯಿಡಾದಲ್ಲಿ ಇಳಿದ. ಇವರಿಬ್ಬರೂ ಅಲ್ಲೇ ಗಾಡಿಯಲ್ಲಿ ಮಲಗಿ, ಮರುದಿನ ಹತ್ತು ಗಂಟೆಗೆ ಅಂಬೇವಾಡಿಗೆ ಬಂದು ಮುಟ್ಟಿದರು. ಯಾರೂ ಹಾರ ಹಿಡಿದು ಕಾಯುತ್ತಿರಲಿಲ್ಲ. ಪಕ್ಕದ ಚಹಾದಂಗಡಿಯವನು ಮಾತ್ರ ಮೂತಿಯಡಿಯ ಸರಪಳಿ ನೋಡಿ, “ಎಮ್ಮಿಗೆ ಕಾಲಾಗ ಗೆಜ್ಜಿ ಕಟ್ಟೀರೇನ?” ಎಂದು ಕೇಳಿದ.

ಜುಲೈ ಹದಿನೆಂಟರ ಬೆಳಿಗ್ಗೆ ತುಳಜಾ ಅದೇ ಗ್ಯಾರೇಜಿನಲ್ಲಿ ಬೇರೊಂದು ಜೀಪಿನ ಮುಂಗಾಲಿಗೆ ಬೋಲ್ಟು ಬಿಗಿಯುತ್ತಿದ್ದಳು. ಎಮ್ಮೆಯ ಸುದ್ದಿ ಕೇಳಿದ ಮೇಲೆ ಹಳಿಯಾಳ, ಮುಂಡಗೋಡದಿಂದಲೂ ಗಾಡಿಗಳು ಬರತೊಡಗಿದ್ದವು. ನಾಗಲಿಂಗಪ್ಪ ಈಗ ಚೀಲ ಕಂಡರೆ ಮೊದಲು ತೂಕ ಮಾಡಿಸುತ್ತಿದ್ದ. ಫೋನು ಬಂತು. ರೀನಾ, ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿ ಮಾಡಿದ್ದಳು. ಗಾಳಿಯಲ್ಲಿ ಮಾತು ತುಂಡು ತುಂಡಾಗಿ ಬರುತ್ತಿತ್ತು.

“ಅಕ್ಕಾ, ಮೊನ್ನೆ ಒಬ್ಬಳಿಗೆ ಹಾವು ಕಚ್ಚಿತ್ತು. ನಾಗರ. ಹತ್ತು ಬಾಟಲಿ ಕೊಟ್ಟೆ.”

“ಯಾರಿಗೆ?”

“ಲಕ್ಷ್ಮಿ ಅಂತ. ನೀವು ನೋಡಿಲ್ಲ ಅವಳನ್ನ.”

“ಈಗ ಹೆಂಗದಾಳ?”

“ಗಂಜಿ ಕುಡಿದ್ಳು. ಉಪ್ಪು ಕಡಿಮೆ ಅಂತ ನನ್ನ ಹತ್ರ ಜಗಳ ಮಾಡ್ತಿದ್ದಾಳೆ.”

ಫೋನು ಕಟ್ಟಾಯಿತು. ಜೀಪಿನಡಿಯಿಂದ ನಾಗಲಿಂಗಪ್ಪ ಕೇಳಿದ, “ಯಾರದವ್ವಾ ಫೋನು?”

“ಒಬ್ಬಾಕಿಗೆ ಗಂಜ್ಯಾಗ ಉಪ್ಪ ಸಾಲವಲ್ದಂತ, ಕಾಕಾ,” ಎಂದಳು ತುಳಜಾ. ಪಾನಾ ಕೆಳಗಿಟ್ಟು, ಅಲ್ಲೇ ಎಣ್ಣೆ ಚೆಲ್ಲಿದ ನೆಲದ ಮೇಲೆ ಕೂತು ಅತ್ತುಬಿಟ್ಟಳು.